ಶೇರು ಮಾತು: ತೇಜಸ್ ಲೆಕ್ಕದಲ್ಲಿ ಉದ್ರಿ ಎಷ್ಟು?

ಹುಮನಾಬಾದಿನ ಕೇಳುಗರೊಬ್ಬರ ಪ್ರಶ್ನೆ: ‘ತೊಗರಿ ಮಾರಿದ ರೊಕ್ಕ ಅದ, ತೇಜಸ್ ನೆಟ್‌ವರ್ಕ್ಸ್ ಶೇರಿಗೆ ಹಾಕ್ಲೇನ್ರಿ?’ ಬಸವಕಲ್ಯಾಣದಿಂದಲೂ ಇದನ್ನೇ ಕೇಳಿದ್ದಾರೆ.

2000ದಲ್ಲಿ ಶುರುವಾದ ಬೆಂಗಳೂರಿನ ಈ ಕಂಪನಿ ಈಗ ಟಾಟಾ ಗುಂಪಿನದು. ಡೇಟಾ ಸಾಗಿಸುವ ಆಪ್ಟಿಕಲ್ ಉಪಕರಣ, 4ಜಿ ರೇಡಿಯೊ ಮಾಡುತ್ತದೆ. ವರಮಾನ 2023-24ರಲ್ಲಿ ಸುಮಾರು 2,471 ಕೋಟಿ, ಮರುವರ್ಷ 8,900 ಕೋಟಿ ದಾಟಿತು. ಮೂರೂವರೆ ಪಟ್ಟು! ಜನ ಮರುಳಾಗಿದ್ದು ಇದಕ್ಕೇ.

ಆದ್ರೆ ಅದರಲ್ಲಿ ಬಹುಪಾಲು ಒಂದೇ ಕೆಲಸದ್ದು: ಬಿಎಸ್‌ಎನ್‌ಎಲ್ 4ಜಿಗಾಗಿ 2023ರ ಆಗಸ್ಟ್‌ನಲ್ಲಿ ಟಿಸಿಎಸ್ ಕೊಟ್ಟ 7,492 ಕೋಟಿಯ ಆರ್ಡರ್. ಸರಕು ಹೋಯ್ತು. 2025ರ ಏಪ್ರಿಲ್-ಜೂನ್‌ನಲ್ಲಿ ವರಮಾನ ಬರೀ 202 ಕೋಟಿ, ನಷ್ಟ 194 ಕೋಟಿ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ವರಮಾನ 1,563 ಕೋಟಿ ಇತ್ತು.

ಅಡತ್ ಅಂಗಡಿಯವರಿಗೆ ಇದು ಹೊಸದಲ್ಲ ಬಿಡಿ. ಒಬ್ಬನೇ ದೊಡ್ಡ ಗಿರಾಕಿ, ಅದೂ ಉದ್ರಿ. ಮಾರಾಟ ಖಾತೆಯಲ್ಲಿ ಕಾಣ್ತದೆ, ರೊಕ್ಕ ಪೆಟ್ಟಿಗೆಗೆ ಬಂದಿರಲ್ಲ. ಹಾಗಾಗಿ ಫಲಿತಾಂಶ ಬಂದಾಗ ಲಾಭಕ್ಕಿಂತ ಮೊದಲು ಬರಬೇಕಾದ ಬಾಕಿ, ಸಾಲ, ಹೊಸ ಆರ್ಡರ್ ನೋಡಿ. ಮುಂಗಾರಿನ ಬೀಜ-ಗೊಬ್ಬರಕ್ಕೆ ಇಟ್ಟ ರೊಕ್ಕ ಆದ್ರೆ ಮಾತ್ರ ಬ್ಯಾಡ್ರಿ.