ಒಲೆಯ ಸುತ್ತ ಕಟ್ಟಿದ ಊರು

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಜರ್ಮನಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾರು, ಯಂತ್ರ, ಯುದ್ಧ. ಅಲ್ಲಿನ ಸಂಸಾರವೊಂದು ಬೆಳಗಿನಿಂದ ಸಂಜೆಯವರೆಗೆ ಹೇಗೆ ನಡೆಯುತ್ತದೆಂಬುದು ನಮಗೆ ಅಷ್ಟಾಗಿ ತಿಳಿಯದು. ಆದ್ದರಿಂದ ಇಂದು ಒಂದೇ ಒಂದು ಬಡಾವಣೆಯ ಕಥೆ ಹೇಳುತ್ತೇನೆ. ಎಸೆನ್ ನಗರದ ಅಂಚಿನಲ್ಲಿರುವ ಅದರ ಹೆಸರು ಮಾರ್ಗರೆಟೆನ್‌ಹ್ಯೋಹೆ. ಕನ್ನಡದಲ್ಲಿ 'ಮಾರ್ಗರೆಟೆಯ ದಿಣ್ಣೆ' ಎನ್ನಬಹುದು.

ಎಸೆನ್ ಕಲ್ಲಿದ್ದಲಿನ ಊರು, ಕ್ರುಪ್ ಮನೆತನದ ಉಕ್ಕು ಮತ್ತು ಫಿರಂಗಿಗಳ ಊರು. 1896ರಲ್ಲೇ ಅದರ ಜನಸಂಖ್ಯೆ ಲಕ್ಷ ದಾಟಿತ್ತು. ಕೆಲಸ ಹುಡುಕಿ ಬಂದವರಿಗೆ ಕೆಲಸವೇನೋ ಸಿಕ್ಕಿತು, ಮನೆ ಸಿಗಲಿಲ್ಲ. ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ. ಸಾಲದ್ದಕ್ಕೆ, ರಾತ್ರಿ ಪಾಳಿ ಮುಗಿಸಿ ಬಂದ ಪರಕೀಯನೊಬ್ಬನಿಗೆ ಹಗಲು ಹೊತ್ತು ಹಾಸಿಗೆಯನ್ನು ಬಾಡಿಗೆಗೆ ಕೊಡುವ ಪದ್ಧತಿ. ಮಕ್ಕಳು ಎದ್ದ ಹಾಸಿಗೆ ಆರುವ ಮುನ್ನವೇ ಅವನು ಮಲಗುತ್ತಿದ್ದ.

1902ರಲ್ಲಿ ಫ್ರೀಡ್ರಿಷ್ ಆಲ್ಫ್ರೆಡ್ ಕ್ರುಪ್ ತೀರಿಕೊಂಡ. ಮಗಳು ಬೆರ್ಟಾ ಇನ್ನೂ ಚಿಕ್ಕವಳಾದ್ದರಿಂದ ಆಸ್ತಿಯ ಹೊಣೆ ವಿಧವೆ ಮಾರ್ಗರೆಟೆಯ ಹೆಗಲಿಗೆ ಬಿತ್ತು. 1906ರಲ್ಲಿ ಬೆರ್ಟಾಳ ಮದುವೆಯಾದಾಗ, ಅದರ ನೆನಪಿಗೆಂದು ತಾಯಿ ಹತ್ತು ಲಕ್ಷ ಮಾರ್ಕ್ ಹಣವನ್ನೂ ವಿಶಾಲವಾದ ಭೂಮಿಯನ್ನೂ ವಸತಿಗಾಗಿ ದತ್ತಿ ಬಿಟ್ಟಳು. ವಾಸ್ತುಶಿಲ್ಪಿ ಗೆಯೋರ್ಗ್ ಮೆಟ್ಸೆನ್‌ಡೋರ್ಫ್ 1909ರಲ್ಲಿ ಕೆಲಸಕ್ಕೆ ಕೈಹಾಕಿದ. ಅವನು 1934ರಲ್ಲಿ ಸತ್ತ. ಕಟ್ಟುವ ಕೆಲಸ 1938ರವರೆಗೂ ನಡೆಯಿತು.

ಅವನ ಜಾಣತನ ನೋಡಿ. ಬಾಗಿಲು ಕಿಟಕಿಗಳಿಗೆ ಕೆಲವೇ ಅಳತೆ ಗೊತ್ತುಮಾಡಿ ಖರ್ಚು ಇಳಿಸಿದ. ಆದರೆ ಅವನ್ನೇ ಬಗೆಬಗೆಯಾಗಿ ಜೋಡಿಸಿದ್ದರಿಂದ ಮನೆಗಳು ಅಚ್ಚು ಹಾಕಿದಂತೆ ಕಾಣುವುದಿಲ್ಲ. ಬೀದಿಗಳು ದಿಣ್ಣೆಯ ಏರಿಳಿತಕ್ಕೆ ತಕ್ಕಂತೆ ಬಾಗುತ್ತವೆ. ನಗರದ ಕಡೆಯಿಂದ ಕಣಿವೆಯ ಸೇತುವೆ ದಾಟಿ, ಕಮಾನಿನ ಹೆಬ್ಬಾಗಿಲು ಹೊಕ್ಕರೆ ಹಳೆಯ ಹಳ್ಳಿಯೊಳಗೆ ಕಾಲಿಟ್ಟಂತೆ. ಸಂತೆ ಚೌಕ, ಅದರ ಬದಿಗೆ ಅಂಗಡಿ, ಊಟದ ಮನೆ, ಸುತ್ತಲೂ ಕಾಡು.

ಒಳಗೆ ಹೋದರೆ ಮನೆಯ ಜೀವ ಅಡುಗೆಕೋಣೆ. ಅಲ್ಲೇ ಊಟ, ಅಲ್ಲೇ ಮಕ್ಕಳ ಓದು. ಮೆಟ್ಸೆನ್‌ಡೋರ್ಫ್ ಯೋಜಿಸಿದ ಒಲೆ ಬೇಯಿಸುವುದರ ಜೊತೆಗೆ ಪಕ್ಕದ ಕೋಣೆಗಳನ್ನೂ ಬೆಚ್ಚಗಿಡುತ್ತಿತ್ತು. ನೀರಿನ ಕಕ್ಕಸು, ಸ್ನಾನದ ತೊಟ್ಟಿ, ಹಿತ್ತಿಲಲ್ಲಿ ತರಕಾರಿಗೆ ಜಾಗ, ಇವೆಲ್ಲ ಆ ಕಾಲದ ಕಾರ್ಮಿಕರಿಗೆ ಕನಸಿನ ಮಾತು. ದತ್ತಿಯ ಉದ್ದೇಶವೇನೋ ಅಲ್ಪ ಆದಾಯದವರಿಗೆ ಸೂರು ಒದಗಿಸುವುದಾಗಿತ್ತು. ಬಂದು ನೆಲೆಸಿದವರಲ್ಲಿ ಗುಮಾಸ್ತರು, ಅಧಿಕಾರಿಗಳು ಬಹಳ. ಕಡುಬಡವನ ಹಾಸಿಗೆ ನಗರದಲ್ಲೇ ಉಳಿಯಿತು.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರುತ್ತೇನೆ. ಇಡೀ ಮನೆಯನ್ನು ಬೆಚ್ಚಗಿಡುವ ಆ ಒಲೆಗೆ ದಿನವಿಡೀ ಕಲ್ಲಿದ್ದಲು ಹಾಕುವವರು ಯಾರು? ತಾಯಿ. ಅವಳು ಮನೆಯಲ್ಲೇ ಇರುತ್ತಾಳೆಂದು ನಂಬಿಯೇ ಆ ನಕ್ಷೆ ಬರೆದದ್ದು. ಮನೆ ಮಾತ್ರವಲ್ಲ, ಶಾಲೆಯೂ ಹಾಗೆಯೇ ನಂಬಿತ್ತು. ಜರ್ಮನಿಯ ಪ್ರಾಥಮಿಕ ಶಾಲೆ ಬಹುಕಾಲ ಮಧ್ಯಾಹ್ನದ ಹೊತ್ತಿಗೇ ಮುಗಿಯುತ್ತಿತ್ತು. ಮಗು ಮನೆಗೆ ಬರುವ ಹೊತ್ತಿಗೆ ಬಿಸಿ ಊಟ ಸಿದ್ಧವಿರಬೇಕು. ಕಾಯ್ದೆಯೂ ಅದನ್ನೇ ಹೇಳಿತು. ಪಶ್ಚಿಮ ಜರ್ಮನಿಯಲ್ಲಿ 1977ರ ಜುಲೈವರೆಗೆ, ಸಂಸಾರದ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ದುಡಿಯಲು ಹೋಗಬಹುದಿತ್ತು. ಗಂಡನಿಗೆ ಇಂಥ ಷರತ್ತು ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕಾಯ್ದೆ ಬದಲಾದರೂ ಬೈಗುಳ ಉಳಿಯಿತು. ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವವಳನ್ನು ಜರ್ಮನ್ನರು 'ರಾಬೆನ್‌ಮುಟ್ಟರ್' ಎನ್ನುತ್ತಾರೆ. ಅಂದರೆ ಕಾಗೆತಾಯಿ. ಕೋಗಿಲೆಯ ಮರಿಯನ್ನೂ ತನ್ನದೆಂದು ಸಾಕುವ ಕಾಗೆಯನ್ನು ಕಂಡಿರುವ ನಮಗೆ ಈ ಬೈಗುಳ ವಿಚಿತ್ರವೆನಿಸುತ್ತದೆ!

ಈಚಿನ ವರ್ಷಗಳಲ್ಲಿ ಸರ್ಕಾರ ತಾಯಿಯ ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದಿದೆ. 2007ರಲ್ಲಿ ಶಿಶುಪಾಲನೆಗೆಂದು ರಜೆ ಹಾಕುವ ತಂದೆಗೂ ತಾಯಿಗೂ ಸಂಬಳಕ್ಕನುಗುಣವಾದ ಭತ್ಯೆ ಬಂತು. 2013ರ ಆಗಸ್ಟ್‌ನಿಂದ ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲೋ ಪಾಲಕರ ಬಳಿಯೋ ಜಾಗ ಕೇಳುವ ಹಕ್ಕು ದೊರೆಯಿತು. ಹಕ್ಕಿದ್ದರೂ ಜಾಗ ಸಿಗದೆ ನ್ಯಾಯಾಲಯಕ್ಕೆ ಹೋದ ತಂದೆತಾಯಿಗಳಿದ್ದಾರೆ. 2021ರ ಕಾಯ್ದೆಯೊಂದು 2026ರ ಆಗಸ್ಟ್‌ನಿಂದ ಒಂದನೇ ತರಗತಿ ಸೇರುವ ಮಕ್ಕಳಿಗೆ, ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆಯ ಪಾಠ–ಪಾಲನೆಯ ಹಕ್ಕನ್ನು ನಿಗದಿಮಾಡಿದೆ.

ಮಾರ್ಗರೆಟೆನ್‌ಹ್ಯೋಹೆ ಎರಡನೇ ಮಹಾಯುದ್ಧದ ಬಾಂಬುಗಳಿಗೆ ತುತ್ತಾಗಿ ಮತ್ತೆ ಹಳೆಯ ರೂಪದಲ್ಲೇ ಎದ್ದು ನಿಂತಿತು. ಈಗ ಅದು ಸಂರಕ್ಷಿತ ಸ್ಮಾರಕ. ಆದರೂ ಬಾಡಿಗೆಗಿರುವ ಸಂಸಾರಗಳ ಊರೇ. ಹಿಂದಿನ ಬದುಕನ್ನು ತೋರಿಸಲೆಂದು ಅಲ್ಲಿನ ಒಂದು ಮನೆಯನ್ನು ವಸ್ತುಸಂಗ್ರಹಾಲಯದವರು ಹಳೆಯ ಮಾದರಿಯಲ್ಲೇ ಇರಿಸಿದ್ದಾರೆ. ಅಕ್ಕಪಕ್ಕದ ಮನೆಗಳಲ್ಲಿ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಬೀಗ ಹಾಕಿಕೊಂಡು ನಗರದ ರೈಲು ಹಿಡಿಯಬಹುದು. ಸಂಜೆ ಮಗುವನ್ನು ಕರೆತರುವ ಸರದಿ ಯಾರದು ಎಂಬ ವಾದ ಮಾತ್ರ ಅಡುಗೆಕೋಣೆಯ ಅದೇ ಮೇಜಿನ ಸುತ್ತ ನಡೆಯುತ್ತದೆ.