ಬೆಂಕಿಯಲ್ಲಿ ಹುಟ್ಟಿದ ಸುಣ್ಣದ ಶಿಲೆ



ಕಲ್ಲಿನ ಮೇಲೆ ಆಮ್ಲದ ಹನಿ ಬಿದ್ದಾಗ ನೊರೆಯುಕ್ಕಿದರೆ ಅದು ಸುಣ್ಣಕಲ್ಲು. ಸುಣ್ಣಕಲ್ಲು ಸಮುದ್ರತಳದಲ್ಲಿ ಸಂಚಯಗೊಂಡ ಕಣಶಿಲೆ. ತರಗತಿಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ನೊರೆಯು ಕಲ್ಲಿನಲ್ಲಿ ಕಾರ್ಬೊನೇಟ್ ಇದೆಯೆಂದು ಸಾರುತ್ತದೆಯೇ ಹೊರತು ಆ ಕಲ್ಲು ಹುಟ್ಟಿದ ಬಗೆಯನ್ನು ತಿಳಿಸುವುದಿಲ್ಲ. ಈ ಭೇದವನ್ನು ಮನಗಾಣಿಸುವ ಶಿಲೆಯೇ ಕಾರ್ಬೊನಟೈಟ್.

ಅರ್ಧಕ್ಕಿಂತ ಹೆಚ್ಚು ಕಾರ್ಬೊನೇಟ್ ಖನಿಜಗಳುಳ್ಳ ಅಗ್ನಿಶಿಲೆಗೆ ಈ ಹೆಸರು. 1921ರಲ್ಲಿ ನಾರ್ವೆಯ ಭೂವಿಜ್ಞಾನಿ ಬ್ರೊಗ್ಗರ್, ತಮ್ಮ ನಾಡಿನ ಫೆನ್ ಪ್ರದೇಶದ ಇಂಥ ಶಿಲೆಗಳು ಶಿಲಾಪಾಕದಿಂದ ಗಟ್ಟಿಗೊಂಡವೆಂದು ಪ್ರತಿಪಾದಿಸಿದರು. ಹಲವರು ಒಪ್ಪಲಿಲ್ಲ. ಸುಣ್ಣದ ಗೂಡಿನಲ್ಲಿ ಕಲ್ಲು ಕರಗುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ. ಹಾಗಿದ್ದ ಮೇಲೆ ಕರಗಿದ ಕಾರ್ಬೊನೇಟ್ ಎಲ್ಲಿಂದ ಬಂತು ಎಂಬುದು ಅವರ ಆಕ್ಷೇಪವಾಗಿತ್ತು.

1960ರಲ್ಲಿ ಎರಡು ದಿಕ್ಕಿನಿಂದ ಉತ್ತರ ದೊರೆಯಿತು. ನೀರಿನಂಶವಿದ್ದು ಒತ್ತಡವೂ ಸಾಕಷ್ಟಿದ್ದರೆ ಕ್ಯಾಲ್ಸೈಟ್ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುವುದೆಂದು ವೈಲಿ ಮತ್ತು ಟಟಲ್ ಪ್ರಯೋಗಾಲಯದಲ್ಲಿ ತೋರಿಸಿದರು. ಅದೇ ವರ್ಷ ಡಾಸನ್ ಎಂಬ ಭೂವಿಜ್ಞಾನಿ ಇಂದಿನ ಟಾಂಜಾನಿಯದ ಓಲ್ ದೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯ ಕುಂಡಕ್ಕಿಳಿದು, ಕಾರ್ಬೊನೇಟ್ ಲಾವಾ ಹರಿಯುವುದನ್ನು ಕಂಡರು. ಮಾಸಾಯಿ ಜನರಿಗೆ ಅದು ದೇವರ ಬೆಟ್ಟ.

ಬಸಾಲ್ಟ್ ಲಾವಾದ ಉಷ್ಣತೆ 1100 ಡಿಗ್ರಿಯ ಆಸುಪಾಸಿನದು. ಲೆಂಗಾಯ್ ಲಾವಾದ್ದು 500ರಿಂದ 600 ಮಾತ್ರ. ಸಿಲಿಕ ಅತ್ಯಲ್ಪವಾದ್ದರಿಂದ ಅದು ಬಹಳ ತೆಳುವಾಗಿ ಓಡುತ್ತದೆ. ಹಗಲಿನಲ್ಲಿ ಕಪ್ಪು ಕೆಸರಿನಂತೆ ಕಾಣುತ್ತದೆ. ಸೋಡಿಯಂ ಹೇರಳವಾಗಿರುವ ಅದರ ಖನಿಜಗಳು ಗಾಳಿಯ ತೇವವನ್ನು ಹೀರಿ ಕೆಲವೇ ದಿನಗಳಲ್ಲಿ ಬಿಳಿಚಿಕೊಳ್ಳುತ್ತವೆ. ಇಂದು ಇಂಥ ಲಾವಾ ಉಗುಳುವ ಜ್ವಾಲಾಮುಖಿ ಜಗತ್ತಿನಲ್ಲಿ ಇದೊಂದೇ.

ಮೂಲವಿರುವುದು ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್‌ನಲ್ಲಿ. ಅಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿದ ಶಿಲೆ ಅಲ್ಪಸ್ವಲ್ಪ ಕರಗಿದಾಗ ಇಂಥ ಶಿಲಾಪಾಕ ಉಂಟಾಗಬಲ್ಲದು. ಕೆಲವೆಡೆ ಸಿಲಿಕದ ಪಾಕದಿಂದ ಕಾರ್ಬೊನೇಟ್ ಪಾಕವು ನೀರಿನಿಂದ ಎಣ್ಣೆ ಬೇರ್ಪಟ್ಟಂತೆ ಬೇರ್ಪಡುತ್ತದೆ. ಭೂಮಿ ಬಿರಿದ ಕಡೆ ಅದು ಮೇಲೇರುತ್ತದೆ.

ಹೊಸೂರು, ತಾಳವಾಡಿಗಳ ಮಕ್ಕಳಿಗೆ ಇದರ ನಿದರ್ಶನ ದೂರದ್ದಲ್ಲ. ಕಾವೇರಿ ತೀರದ ಹೊಗೆನಕಲ್ಲಿನ ಬಳಿ ಸುಮಾರು 240 ಕೋಟಿ ವರ್ಷ ಹಳೆಯ ಕಾರ್ಬೊನಟೈಟ್ ಇದೆ. ಹೊಗೆಯಂತೆ ಏಳುವ ನೀರಿನ ತುಂತುರು ಊರಿಗೆ ಹೆಸರು ಕೊಟ್ಟಿತು. ಸಮೀಪದ ನೆಲದೊಳಗೋ ನಿಜವಾಗಿಯೂ ಬೆಂಕಿಯಲ್ಲಿ ಹುಟ್ಟಿದ ಕಲ್ಲು ಅಡಗಿತ್ತು.

ಆದುದರಿಂದ ಆಮ್ಲದ ಪರೀಕ್ಷೆಯ ಬಳಿಕ ಮತ್ತೊಂದು ಪ್ರಶ್ನೆ ಉಳಿಯಬೇಕು. ಪದರಗಳಿವೆಯೇ, ಚಿಪ್ಪಿನ ಗುರುತುಗಳಿವೆಯೇ? ಅಥವಾ ಅಪಟೈಟ್, ಮ್ಯಾಗ್ನಟೈಟ್ ಹರಳುಗಳೂ ನಿಯೋಬಿಯಂ, ವಿರಳ ಭಸ್ಮ ಧಾತುಗಳೂ ಜೊತೆಗಿವೆಯೇ? ನೊರೆ ಕಂಡ ಮೇಲೂ "ಇದು ಹುಟ್ಟಿದ್ದು ಹೇಗೆ?" ಎಂದು ಕೇಳುವ ವಿದ್ಯಾರ್ಥಿ ಪಾಠವನ್ನು ಕಲಿತವನು, ಅವನ ಪ್ರಶ್ನೆಗೆ ತರಗತಿಯಲ್ಲಿ ಎಡೆಯಿರಲಿ.