ಕಡ್ಡಿ ತುಂಬಿತ್ತು, ಪಾಠ ತಲುಪಿರಲಿಲ್ಲ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನಾಲ್ಕು ಮಾತಾಡಲು ಕರೆದಿದ್ದೀರಿ. ಸಾಧನೆಯ ಮಾತು ಬೇಡ. ನಾನು ತಡವಾಗಿ ಕಲಿತ ಒಂದು ಪಾಠ ಹೇಳುತ್ತೇನೆ.

2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಊರಿಗೆ ಬಂದೆ. ಶಾಲೆ ಮುಚ್ಚಿತ್ತು. ದೂರದರ್ಶನ ಚಂದನದಲ್ಲಿ ಪಾಠ ಬರುತ್ತಿತ್ತು, ಜೊತೆಗೆ ಆನ್‌ಲೈನ್ ತರಗತಿ. ಅಣ್ಣನ ಮಗಳು ಆಗ ಒಂಬತ್ತನೇ ತರಗತಿ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪ್ ಅವಳ ಮುಂದಿಟ್ಟೆ.

ಮೂರನೇ ದಿನ ಅವಳು, "ಚಿಗಪ್ಪ, ಮೇಷ್ಟ್ರ ಮಾತು ತುಂಡು ತುಂಡಾಗಿ ಬರ್ತೈತೆ" ಎಂದಳು. ಪರದೆಯ ಮೂಲೆ ನೋಡಿದೆ. ಕಡ್ಡಿಗಳೆಲ್ಲ ತುಂಬಿದ್ದವು. "ಸಿಗ್ನಲ್ ಫುಲ್ ಐತೆ, ಸುಮ್ಮನೆ ನೆಪ ಹೇಳ್ಬೇಡ" ಎಂದು ಗದರಿದೆ. ಹುಡುಗಿ ಅತ್ತಳು. ಮರುದಿನದಿಂದ ದೂರು ಹೇಳುವುದನ್ನೇ ಬಿಟ್ಟಳು.

ಒಂದು ವಾರ ಕಳೆದು ನನ್ನದೇ ಕಚೇರಿಯ ಮೀಟಿಂಗ್ ನಿಂತಾಗ ನನಗೆ ಬುದ್ಧಿ ಬಂತು. ಲ್ಯಾಪ್‌ಟಾಪ್ ತೋರಿಸುವ ಕಡ್ಡಿ ಲ್ಯಾಪ್‌ಟಾಪಿಗೂ ಪಕ್ಕದ ಮೊಬೈಲಿಗೂ ನಡುವಿನ ಎರಡು ಮಾರಿನ ಲೆಕ್ಕ ಮಾತ್ರ. ಮೊಬೈಲಿನಿಂದ ಟವರಿನವರೆಗಿನ ಮೈಲುಗಳ ಲೆಕ್ಕ ಅದರಲ್ಲಿ ಇಲ್ಲ. ಕೊಡಪಾನದಿಂದ ಲೋಟಕ್ಕೆ ನೀರು ಸರಾಗವಾಗಿ ಬಿದ್ದರೆ ಬಾವಿಯಲ್ಲಿ ನೀರಿದೆ ಎಂದಾಗುತ್ತದೆಯೇ?

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಸ್ಟೇಟಸ್' ತೆರೆದೆ. ಅಲ್ಲಿ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿರುತ್ತದೆ. ಅಂಕಿ ಮೈನಸ್‌ನಲ್ಲಿರುವುದರಿಂದ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. 10 ಅಂಕಿ ಕುಸಿದರೆ ಬಲ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ನಮ್ಮ ಕಲ್ಲುಗೋಡೆಯ ನಡುಮನೆಯಲ್ಲಿ ಮೈನಸ್ 115, ಮಾಳಿಗೆಯ ಮೇಲೆ ಮೈನಸ್ 95 ಇತ್ತು. ಅಂದರೆ ನೂರು ಪಟ್ಟು ವ್ಯತ್ಯಾಸ! ದಪ್ಪ ಕಲ್ಲುಗೋಡೆ ರೇಡಿಯೋ ಅಲೆಯನ್ನು ತಡೆಯುತ್ತದೆ, ತಗಡು ಹಿಂದಕ್ಕೆ ತಿರುಗಿಸುತ್ತದೆ.

ಮೊಬೈಲನ್ನು ಮಾಳಿಗೆಯ ನೆರಳಿನಲ್ಲಿಟ್ಟು ಕೆಳಗೆ ಬಂದೆ. ಲ್ಯಾಪ್‌ಟಾಪಿನಲ್ಲಿ ಎರಡೇ ಕಡ್ಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್' ಎಂಬ ಆದೇಶ ಕೊಟ್ಟರೆ ವಿಂಡೋಸ್ ಸಿಗ್ನಲನ್ನು ಶೇಕಡಾದಲ್ಲಿ ತೋರಿಸುತ್ತದೆ. ನೂರರ ಹತ್ತಿರವಿದ್ದದ್ದು ಐವತ್ತಕ್ಕೆ ಇಳಿದಿತ್ತು. ಆದರೆ ಮೇಷ್ಟ್ರ ಮಾತು ಸ್ಪಷ್ಟವಾಗಿ ಕೇಳಿಸಿತು! ಕಡ್ಡಿ ಕಡಿಮೆಯಾಯಿತು, ಪಾಠ ತಲುಪಿತು.

ಮಕ್ಕಳೇ, ನೆಟ್ ನಿಧಾನವಾದರೆ ಲ್ಯಾಪ್‌ಟಾಪಿನ ಕಡ್ಡಿಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಎರಡೂ ಹಾದಿ ಅಳೆಯಿರಿ, ಜಾಗ ಬದಲಿಸಿ ಮತ್ತೆ ಅಳೆಯಿರಿ.

ಗುರುಗಳೇ, ಇದೇ ಶಾಲೆಯಲ್ಲಿ ನಾನು ಗಣಿತದ ಪಾಠಕ್ಕೆ ತಲೆಯಾಡಿಸುತ್ತಿದ್ದೆ. ನನ್ನ ಕಡ್ಡಿ ಯಾವಾಗಲೂ ಫುಲ್! ಆದರೆ ನಮ್ಮ ಮೇಷ್ಟ್ರು ನಂಬುತ್ತಿರಲಿಲ್ಲ. "ಎದ್ದು ಬಾ, ಬೋರ್ಡಿನ ಮೇಲೆ ಮಾಡಿ ತೋರಿಸು" ಎನ್ನುತ್ತಿದ್ದರು. ತಲುಪಿತೋ ಇಲ್ಲವೋ ಎಂದು ಆ ತುದಿಗೆ ಹೋಗಿ ನೋಡುವುದೇ ಅವರ ಕ್ರಮ. ಅವರ ಶಿಷ್ಯನಾಗಿಯೂ ನಾನು ಮಗುವಿನ ಮಾತು ಬಿಟ್ಟು ಪರದೆಯ ಗುರುತನ್ನು ನಂಬಿದೆ.

ಆ ಹುಡುಗಿ ಇವತ್ತು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಅವತ್ತು ಮೊಬೈಲ್ ಮಾಳಿಗೆಗೆ ಏರಿಸಿದೆನೇ ಹೊರತು ಅವಳಿಗೆ ಹೇಳಬೇಕಾದ ಮಾತು ಹೇಳಲಿಲ್ಲ. ಈಗ ಹೇಳುತ್ತೇನೆ: ತಪ್ಪು ನನ್ನದಮ್ಮ, ನೀನು ಹೇಳಿದ್ದೇ ನಿಜ.